ಸಾವಿರ ನಾಲಿಗೆ, ಒಂದು ಕತೆ

ರಟ್ಟಿನಲ್ಲಿ ಮಾಡಿದ ಗ್ರಾಮಫೋನೂ ಒಂದು ಕಾಲಕ್ಕಿತ್ತು ಎಂದರೆ ಈಗ ನಂಬುವುದು ಕಷ್ಟ. ಹೆಸರು ‘ಕಾರ್ಡ್‌ಟಾಕ್’. 1960ರ ದಶಕದ್ದು. ದಪ್ಪ ರಟ್ಟನ್ನು ಮಡಚಿ ನಿಲ್ಲಿಸಿದರೆ ಅದೇ ಪೆಟ್ಟಿಗೆ, ಅದೇ ಸ್ಪೀಕರು. ಮೇಲಿನ ಮಡಿಕೆಗೆ ಸಿಕ್ಕಿಸಿದ ಒಂದು ಮುಳ್ಳು, ಕೆಳಗೊಂದು ತಟ್ಟೆ. ಪೆನ್ಸಿಲ್ಲನ್ನೋ ಕಡ್ಡಿಯನ್ನೋ ಊರಿ ತಟ್ಟೆಯನ್ನು ಕೈಯಲ್ಲೇ ತಿರುಗಿಸಬೇಕು. ಕರೆಂಟು ಬೇಡ, ಬ್ಯಾಟರಿ ಬೇಡ, ಕೀಲಿ ಕೊಡುವುದೂ ಬೇಡ. ಬೇಗ ತಿರುಗಿಸಿದರೆ ಮಾತು ಕೀರಲಾಗುತ್ತದೆ, ಕೈ ಸೋತರೆ ಗೊಗ್ಗರಾಗುತ್ತದೆ.

ಆ ತಟ್ಟೆಯಲ್ಲಿ ಇರುತ್ತಿದ್ದದ್ದು ಸಿನಿಮಾ ಹಾಡಲ್ಲ. ಆದಾಮ, ನೋಹ, ಅಬ್ರಹಾಮ, ಯೇಸು ಇವರ ಕತೆಗಳು. ಅವೂ ಇಂಗ್ಲಿಷಿನಲ್ಲಲ್ಲ, ಆಫ್ರಿಕಾದ ದೊಡ್ಡ ಭಾಷೆಯಾದ ಸ್ವಾಹಿಲಿಯಲ್ಲೂ ಅಲ್ಲ. ಕೇಳುವವರ ಮನೆಮಾತಿನಲ್ಲಿ, ಅವರದೇ ಸೀಮೆಯ ಒಬ್ಬರ ದನಿಯಲ್ಲಿ. ಓದು ಬಾರದವರಿಗೆ, ಲಿಪಿಯೇ ಇಲ್ಲದ ಭಾಷೆಯವರಿಗೆ ಬೈಬಲ್ ತಲುಪಿಸುವುದು ಹೇಗೆ ಎಂಬ ಪ್ರಶ್ನೆಗೆ ಹುಡುಕಿಕೊಂಡ ಉತ್ತರ ಅದು.

ಈ ಕೆಲಸವನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದವರು ಜಾಯ್ ರಿಡರ್‌ಹಾಫ್. ಲಾಸ್ ಏಂಜಲೀಸಿನ ಈಕೆ 1930ರ ದಶಕದಲ್ಲಿ ಹೊಂಡುರಾಸಿನ ಹಳ್ಳಿಗಳಲ್ಲಿ ಮಿಷನರಿಯಾಗಿದ್ದರು. ಮಲೇರಿಯಾದಿಂದ ಜರ್ಜರಿತರಾಗಿ ಮನೆಗೆ ಮರಳಿ ಹಾಸಿಗೆ ಹಿಡಿದಾಗ ಅವರಿಗೆ ನೆನಪಾದದ್ದು ಅಲ್ಲಿನ ಹೆಂಡದಂಗಡಿಗಳಲ್ಲಿ ಸದಾ ಮೊಳಗುತ್ತಿದ್ದ ಗ್ರಾಮಫೋನುಗಳು. ತಾನು ಹೋಗಲಾಗದಿದ್ದರೆ ತಟ್ಟೆ ಹೋಗಲಿ ಎಂದು ಸ್ಪ್ಯಾನಿಷ್ ಭಾಷೆಯಲ್ಲಿ ಒಂದು ತಟ್ಟೆ ಮಾಡಿಸಿದರು. 1939ರಲ್ಲಿ ‘ಗಾಸ್ಪೆಲ್ ರೆಕಾರ್ಡಿಂಗ್ಸ್’ ಸಂಸ್ಥೆ ಹುಟ್ಟಿತು. ಇಂದಿನ ‘ಗ್ಲೋಬಲ್ ರೆಕಾರ್ಡಿಂಗ್ಸ್ ನೆಟ್‌ವರ್ಕ್’ ಅದೇ. ಅದರ ಭಂಡಾರದಲ್ಲಿ ಈಗ 6,000ಕ್ಕೂ ಹೆಚ್ಚು ಭಾಷೆ-ಉಪಭಾಷೆಗಳ ದನಿಯಿದೆ. ನಮ್ಮ ತುಳು, ಕೊಡವಗಳೂ ಅಲ್ಲಿವೆ. ಅಷ್ಟು ಭಾಷೆಗಳ ದನಿಯನ್ನು ಒಂದೇ ಕಡೆ ಕೂಡಿಹಾಕಿದ ವಿಶ್ವವಿದ್ಯಾಲಯವಾಗಲಿ ಸರ್ಕಾರವಾಗಲಿ ನನಗೆ ತಿಳಿದಂತೆ ಇಲ್ಲ. ಮತಪ್ರಚಾರದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಈ ಮಾತನ್ನು ಮೊದಲು ಒಪ್ಪಿಕೊಂಡು ಮುಂದಕ್ಕೆ ಹೋಗುವುದು ವಾಸಿ.

ಸೆರೆಶಿಬಿರದಲ್ಲಿ ದುಂದುಗಾರ ಮಗ

ಬೈಬಲ್ ಕತೆ ಹೇಳಿಸಿ ದನಿ ಹಿಡಿಯುವ ಅಭ್ಯಾಸ ರಿಡರ್‌ಹಾಫರಿಗಿಂತ ಹಳೆಯದು. ಅದನ್ನು ಶುರುಮಾಡಿದವರಲ್ಲಿ ಪಾದ್ರಿಗಳಿಗಿಂತ ಭಾಷಾಪಂಡಿತರೇ ಮುಂದಿದ್ದರು. ಭಾರತದ ಭಾಷಾ ಸರ್ವೇಕ್ಷಣೆ ನಡೆಸಿದ ಜಾರ್ಜ್ ಗ್ರಿಯರ್ಸನ್ ಪ್ರತಿ ಭಾಷೆಗೂ ಮಾದರಿಯಾಗಿ ಬಳಸಿದ್ದು ಲೂಕನ ಸುವಾರ್ತೆಯ ದುಂದುಗಾರ ಮಗನ ಸಾಮತಿಯನ್ನು. ಆಸ್ತಿ ಪಾಲು ಮಾಡಿಸಿಕೊಂಡು ಹೋಗಿ, ಹಾಳುಮಾಡಿ, ಹಂದಿ ಕಾಯ್ದು, ಕೊನೆಗೆ ಅಪ್ಪನ ಬಳಿಗೆ ಮರಳುವ ಮಗನ ಕತೆ. ಕಾರಣ ಭಕ್ತಿಯಲ್ಲ, ವ್ಯಾಕರಣ. ನಾನು-ನೀನು-ಅವನು ಮೂರೂ ಅದರಲ್ಲಿ ಬರುತ್ತವೆ. ವಿಭಕ್ತಿಗಳು ಬಹುಪಾಲು ಬರುತ್ತವೆ. ಹಿಂದಿನ, ಇಂದಿನ, ಮುಂದಿನ ಕಾಲಗಳೆಲ್ಲ ಸಿಗುತ್ತವೆ. ಕೊಬ್ಬಿದ ಕರುವನ್ನು ಕೊಯ್ಯುವಂಥ ಮಾತುಗಳನ್ನು ಮಾತ್ರ ಇಲ್ಲಿಯ ಜನರ ಮನಸ್ಸು ನೋಯದಂತೆ ತುಸು ತಿದ್ದಿಕೊಂಡರು. 1913ರಿಂದ ಪ್ರಾಂತೀಯ ಸರ್ಕಾರಗಳ ನೆರವಿನಿಂದ ಗ್ರಾಮಫೋನು ತಟ್ಟೆಗಳೂ ತಯಾರಾದವು. ಮದ್ರಾಸು ಪ್ರಾಂತ್ಯದ ಭಾಷೆಗಳವೂ ಅವುಗಳಲ್ಲಿ ಸೇರಿದ್ದವು.

ಅದೇ ಹೊತ್ತಿಗೆ ಜರ್ಮನಿಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್, ಫ್ರಾನ್ಸ್‌ಗಳ ಪರವಾಗಿ ಕಾದಾಡಿ ಸೆರೆಸಿಕ್ಕ ವಸಾಹತುಗಳ ಸೈನಿಕರು ಬರ್ಲಿನ್ ಬಳಿಯ ವ್ಯೂನ್ಸ್‌ಡಾರ್ಫಿನ ಶಿಬಿರದಲ್ಲಿದ್ದರು: ಪಂಜಾಬಿನವರು, ಗೂರ್ಖರು, ಉತ್ತರ ಮತ್ತು ಪಶ್ಚಿಮ ಆಫ್ರಿಕಾದವರು. ಲೋಕದ ಭಾಷೆಗಳೇ ಬಾಗಿಲಿಗೆ ಬಂದು ನಿಂತಿವೆ ಎಂದು ಖುಷಿಪಟ್ಟ ಭಾಷಾಪಂಡಿತ ವಿಲ್ಹೆಲ್ಮ್ ಡೋಗೆನ್ ಸರ್ಕಾರದ ಒಪ್ಪಿಗೆ ಪಡೆದು ಧ್ವನಿಮುದ್ರಣ ಆಯೋಗವೊಂದನ್ನು ಕಟ್ಟಿದರು. 1915ರಿಂದ 1918ರವರೆಗೆ ಅದು ಸೆರೆಶಿಬಿರಗಳನ್ನು ಸುತ್ತಿ ಸುಮಾರು 250 ಭಾಷೆ-ಉಪಭಾಷೆಗಳನ್ನು ತಟ್ಟೆಗಿಳಿಸಿತು. ಆಫ್ರಿಕಾದ ಭಾಷೆಗಳ ಹೊಣೆ ಹೊತ್ತವರಲ್ಲಿ ಹ್ಯಾಂಬರ್ಗಿನ ಕಾರ್ಲ್ ಮೈನ್‌ಹಾಫ್ ಇದ್ದರು. ಅಲ್ಲಿಯೂ ಸೈನಿಕರಿಂದ ಹೇಳಿಸಿದ ಪಾಠಗಳಲ್ಲಿ ದುಂದುಗಾರ ಮಗ ಮತ್ತೆ ಮತ್ತೆ ಬರುತ್ತಾನೆ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ತನ್ನದಲ್ಲದ ಯುದ್ಧದಲ್ಲಿ ಸೆರೆಯಾದವನ ಬಾಯಲ್ಲಿ ಮಗ ಮನೆಗೆ ಮರಳುವ ಕತೆ ಹೇಳಿಸುವುದರ ಕ್ರೂರ ವ್ಯಂಗ್ಯ ಆ ಪಂಡಿತರಿಗೆ ಹೊಳೆದಿತ್ತೋ ಇಲ್ಲವೋ. ಅವರ ಗಮನ ವಿಭಕ್ತಿಗಳ ಮೇಲಿತ್ತು.

ಓದುವವರಿಲ್ಲದ ಪುಸ್ತಕ

ಲಿಪಿಯಿಲ್ಲದ ಭಾಷೆಗಳ ತೊಡಕು ಎದ್ದು ಕಾಣುವುದು ಆಫ್ರಿಕಾದಲ್ಲಿ. ಅಲ್ಲಿ 2,000ದಷ್ಟು ಭಾಷೆಗಳಿವೆ. ನೈಜೀರಿಯಾ ಒಂದರಲ್ಲೇ 500ಕ್ಕೂ ಹೆಚ್ಚು. ಕರ್ನಾಟಕಕ್ಕಿಂತ ಎರಡೂವರೆ ಪಟ್ಟಿನಷ್ಟೇ ದೊಡ್ಡದಾದ ಕ್ಯಾಮರೂನಿನಲ್ಲಿ 250ಕ್ಕೂ ಹೆಚ್ಚು. ದೊಡ್ಡ ಭಾಷೆಗಳಿಗೆ ಬೈಬಲ್ ಯಾವತ್ತೋ ಬಂತು. ರಾಬರ್ಟ್ ಮೊಫಾಟ್ ಈಗಿನ ದಕ್ಷಿಣ ಆಫ್ರಿಕಾದ ಕುರುಮಾನಿನಲ್ಲಿ ತಾವೇ ಅಚ್ಚುಕೂಟ ನಡೆಸಿ 1857ರಲ್ಲಿ ಸೆಟ್ಸ್ವಾನಾ ಬೈಬಲನ್ನು ಪೂರ್ತಿಗೊಳಿಸಿದರು. ಬಾಲಕನಾಗಿದ್ದಾಗ ಗುಲಾಮರ ಹಡಗಿನಿಂದ ಬಿಡುಗಡೆಗೊಂಡು ಮುಂದೆ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್ಪರಾದ ಸ್ಯಾಮ್ಯುಯೆಲ್ ಅಜಯಿ ಕ್ರೌದರ್ ಯೊರುಬಾ ಬೈಬಲಿನ ಬೆನ್ನೆಲುಬಾಗಿದ್ದರು. ಆದರೆ ಐದು ಸಾವಿರ, ಹತ್ತು ಸಾವಿರ ಮಂದಿಯಷ್ಟೇ ಆಡುವ ಭಾಷೆಗಳ ಮಾತೇ ಬೇರೆ. ಮೊದಲು ಲಿಪಿ ಗೊತ್ತುಮಾಡಬೇಕು, ಕಾಗುಣಿತ ಕಟ್ಟಬೇಕು, ಓದು ಕಲಿಸಬೇಕು, ಆಮೇಲೆ ಅನುವಾದ. ಹೊಸ ಒಡಂಬಡಿಕೆ ಒಂದಕ್ಕೇ ಹತ್ತು-ಹದಿನೈದು ವರ್ಷ ಹಿಡಿದ ಉದಾಹರಣೆಗಳಿವೆ. ಅಷ್ಟು ಮಾಡಿದ ಮೇಲೂ ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯುವುದುಂಟು, ಏಕೆಂದರೆ ಮಕ್ಕಳು ಶಾಲೆಯಲ್ಲಿ ಓದಲು ಕಲಿಯುವುದು ಇಂಗ್ಲಿಷನ್ನೋ ಫ್ರೆಂಚನ್ನೋ. ಮನೆಮಾತನ್ನು ಆಡುತ್ತಾರೆ, ಓದುವುದಿಲ್ಲ. ಲೋಕದ 7,000 ಭಾಷೆಗಳ ಪೈಕಿ ಪೂರ್ಣ ಬೈಬಲ್ ಇರುವುದು ಇವತ್ತಿಗೂ 750ರ ಆಸುಪಾಸಿನಲ್ಲಿ ಮಾತ್ರ.

ಇನ್ನೊಂದು ತೊಡಕು ಸ್ವರದ್ದು. ಆಫ್ರಿಕಾದ ಬಹುಪಾಲು ಭಾಷೆಗಳಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ಬರೆಯುವಾಗ ಅದಕ್ಕೊಂದು ಗುರುತು ಹಾಕಬೇಕೇ ಬೇಡವೇ ಎಂಬ ಜಗಳ ನೂರು ವರ್ಷ ದಾಟಿದರೂ ತೀರಿಲ್ಲ. ಕಿವಿಗೆ ಈ ಜಗಳದ ಗೊಡವೆಯಿಲ್ಲ. ಯಾವ ಊರಿನ ಮಾತನ್ನು ಪುಸ್ತಕದ ಭಾಷೆ ಮಾಡಬೇಕು ಎಂಬ ರಗಳೆಯೂ ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಗ್ನೇಯ ಆಫ್ರಿಕಾದ ಸ್ವಿಸ್ ಮಿಷನರಿಗಳು ಥೊಂಗಾ, ರೊಂಗಾ ಎರಡು ಭಾಷೆಯೋ ಒಂದೋ ಎಂದು ತಮ್ಮತಮ್ಮಲ್ಲೇ ಕಿತ್ತಾಡಿ ಎರಡು ಬರಹಗಳನ್ನೇ ಹುಟ್ಟುಹಾಕಿದರು. ಧ್ವನಿಮುದ್ರಣವಾದರೆ ಆ ಊರಿಗೊಂದು ಈ ಊರಿಗೊಂದು ಮಾಡಿಕೊಟ್ಟರಾಯಿತು.

ರೇಡಿಯೊಗೂ ಎಟುಕದ ಊರು

ರೇಡಿಯೊ ಈ ದಾರಿಯಲ್ಲಿ ಒಂದಷ್ಟು ದೂರ ನಡೆಯಿತು. ಲೈಬೀರಿಯಾದ ಮನ್ರೋವಿಯಾದಲ್ಲಿ 1954ರಲ್ಲಿ ಆರಂಭವಾದ ಇಎಲ್‌ಡಬ್ಲ್ಯುಎ ಕೇಂದ್ರ ಪಶ್ಚಿಮ ಆಫ್ರಿಕಾದ ಹತ್ತಾರು ಭಾಷೆಗಳಲ್ಲಿ ಮಾತಾಡಿತು, ಅಂತರ್ಯುದ್ಧದಲ್ಲಿ 1990ರಲ್ಲಿ ನೆಲಸಮವಾಯಿತು. ಅಡಿಸ್ ಅಬಾಬಾದಲ್ಲಿ ಲೂಥರನ್ನರು 1963ರಲ್ಲಿ ಕಟ್ಟಿದ ಕೇಂದ್ರವನ್ನು 1977ರಲ್ಲಿ ಎಥಿಯೋಪಿಯಾದ ಸೈನಿಕ ಸರ್ಕಾರ ವಶಪಡಿಸಿಕೊಂಡಿತು. ರೇಡಿಯೊ ಹೇಗಿದ್ದರೂ ದೊಡ್ಡ ಭಾಷೆಯ ಸರಕು; ನಾಲ್ಕು ಹಳ್ಳಿಗಳ ಭಾಷೆಗೆ ದಿನಕ್ಕೆ ಅರ್ಧ ಗಂಟೆ ಯಾರು ಕೊಡುತ್ತಾರೆ? ಆ ನಾಲ್ಕು ಹಳ್ಳಿಗೆ ಹೋದದ್ದು ತಟ್ಟೆ, ಆಮೇಲೆ ಕ್ಯಾಸೆಟ್ಟು, ಆಮೇಲೆ ಬಿಸಿಲಿನಲ್ಲಿ ಚಾರ್ಜ್ ಆಗುವ ಪುಟ್ಟ ಪೆಟ್ಟಿಗೆ, ಈಗ ಮೊಬೈಲಿನ ಮೆಮೊರಿ ಕಾರ್ಡು.

ಮುದ್ರಣ ನಡೆಯುವ ಬಗೆ ಹೀಗೆ. ಹೇಳುವವರಿಗೆ ಓದು ಬಾರದು ಎಂದುಕೊಳ್ಳಿ. ರೆಕಾರ್ಡು ಮಾಡುವವನು ಹೌಸಾ, ಲಿಂಗಾಲಾದಂಥ ದೊಡ್ಡ ಭಾಷೆಯಲ್ಲಿ ಒಂದು ವಾಕ್ಯ ಹೇಳುತ್ತಾನೆ. ಎರಡೂ ಭಾಷೆ ಬಲ್ಲ ಊರಿನವನೊಬ್ಬ ಅದನ್ನು ಮೆಲ್ಲಗೆ ಮನೆಮಾತಿಗೆ ತಿರುಗಿಸುತ್ತಾನೆ. ಮೈಕಿನ ಮುಂದೆ ಕೂತ ಹಿರಿಯರು ಅದನ್ನೇ ತಮ್ಮ ಧಾಟಿಯಲ್ಲಿ ಹೇಳುತ್ತಾರೆ. ನಿಲ್ಲಿಸು, ಮುಂದಿನ ವಾಕ್ಯ. ಹತ್ತು ನಿಮಿಷದ ಕತೆಗೆ ಅರ್ಧ ದಿನ ಹೋದರೂ ಹೋಯಿತು. ನಡುವಿನ ಖಾಲಿ ಜಾಗಗಳನ್ನು ಕತ್ತರಿಸಿ ಅಂಟಿಸಿದಾಗ ಮಾತು ಒಂದೇ ಓಟದಲ್ಲಿ ಹರಿದಂತೆ ಕೇಳಬೇಕು. ಟೇಪಿನ ಕಾಲದಲ್ಲಿ ಇದನ್ನು ಬ್ಲೇಡು ಹಿಡಿದು ಮಾಡುತ್ತಿದ್ದರು. ಭಾಷೆಯ ಒಂದಕ್ಷರವೂ ತಿಳಿಯದವನು ಅದೇ ಭಾಷೆಯ ಟೇಪನ್ನು ಕತ್ತರಿಸಿ ಜೋಡಿಸುವುದು ಸಣ್ಣ ಸಾಹಸವಲ್ಲ.

ಸ್ಟುಡಿಯೊ ಎಂದರೆ ಹಾಸಿಗೆಗಳನ್ನು ಗೋಡೆಗೆ ಒರಗಿಸಿದ ಕೋಣೆ. ಕಿಟಕಿಗೆ ಕಂಬಳಿ. ಹಗಲೆಲ್ಲ ಕೋಳಿ, ಮಕ್ಕಳು, ಮೋಟಾರ್‌ಸೈಕಲ್ಲು, ಕುಟ್ಟುವ ಒನಕೆ. ಅದಕ್ಕೇ ಬಹಳ ಕಡೆ ಕೆಲಸ ನಡೆಯುವುದು ರಾತ್ರಿ. ತಗಡಿನ ಸೂರಿನ ಮೇಲೆ ಮಳೆ ಬಿದ್ದರೆ ಅವತ್ತಿನ ಕತೆ ಅಲ್ಲಿಗೆ ಮುಗಿಯಿತು.

ಎಲ್ಲ ಮುಗಿದ ಮೇಲೆ ಕತೆಯನ್ನೇ ಕೇಳಿರದ ಇನ್ನೊಬ್ಬರಿಗೆ ಅದನ್ನು ಹಾಕಿ ಕೇಳಿಸಿ, ‘ಏನು ಕೇಳಿಸಿತು, ಹೇಳಿ’ ಎನ್ನುತ್ತಾರೆ. ತಪ್ಪು ಹೊರಬೀಳುವುದು ಇಲ್ಲಿಯೇ. ಪ್ರಸಿದ್ಧ ಪೇಚು ಕುರಿಯದ್ದು. ಕೊನೆಯ ತೀರ್ಪಿನ ದಿನ ಕುರುಬನು ಕುರಿಗಳನ್ನು ಆಡುಗಳಿಂದ ಬೇರೆ ಮಾಡುವಂತೆ ಜನರನ್ನು ಬೇರೆ ಮಾಡಲಾಗುವುದು ಎಂದು ಸುವಾರ್ತೆಯಲ್ಲಿದೆ. ಸುವಾರ್ತೆಯ ಜೊತೆಗೆ ಯುರೋಪಿನಿಂದ ಬಂದ ಚಿತ್ರಗಳಲ್ಲಿ ಕುರಿ ಎಂದರೆ ಬಿಳಿ ಉಣ್ಣೆಯ ಮುದ್ದೆ. ಆದರೆ ಪಶ್ಚಿಮ ಆಫ್ರಿಕಾದ ಕುರಿಗಳಿಗೆ ಉಣ್ಣೆಯೇ ಇಲ್ಲ. ಮೈತುಂಬ ಗಿಡ್ಡ ಕೂದಲು, ಆಡಿನದೇ ಬಣ್ಣ, ಆಡಿನದೇ ಗಾತ್ರ. ಹೊರಗಿನವರಿಗೆ ಗುರುತು ಸಿಗಬೇಕಾದರೆ ಬಾಲ ನೋಡಬೇಕು: ಕುರಿಯದು ಜೋತಿರುತ್ತದೆ, ಆಡಿನದು ನಿಮಿರಿರುತ್ತದೆ. ಅಲ್ಲಿಯವನಿಗೆ ಈ ಸಾಮತಿ ಯುರೋಪಿನ ಪಾದ್ರಿಗಿಂತ ಚೆನ್ನಾಗಿಯೇ ತಿಳಿಯುತ್ತದೆ ಎನ್ನಬೇಕು. ಹೊರನೋಟಕ್ಕೆ ಎರಡೂ ಒಂದೇ, ಬೇರೆ ಮಾಡಲು ಕುರುಬನೇ ಬೇಕು. ಸೋತದ್ದು ಚಿತ್ರ ಬರೆದವನು.

ಕತೆ ಶುರುಮಾಡುವುದೇ ಇನ್ನೊಂದು ಇಕ್ಕಟ್ಟು. ಘಾನಾದ ಅಕಾನ್ ಜನರ ಅನಾನ್ಸೆ ಕತೆಗಳಲ್ಲಿ, ಅಂದರೆ ಜೇಡಪ್ಪನ ಚೇಷ್ಟೆಗಳಲ್ಲಿ, ಹೇಳುವವನು ಮೊದಲೇ ‘ಇದು ನಿಜವಲ್ಲ’ ಎಂಬ ಅರ್ಥದ ಮಾತಾಡಿ ಶುರುಮಾಡುವುದು ರೂಢಿ. ಟೋಗೊ-ಘಾನಾಗಳ ಎವೆ ಜನರಲ್ಲಿ ಹೇಳುವವನು ಕತೆ ಕೇಳಿರೆಂದು ಕೂಗಿದರೆ ಕೂತವರು ಬರಲಿ ಎಂದು ಓಗೊಡಬೇಕು. ಬೈಬಲ್ ಕತೆಯನ್ನು ಈ ಧಾಟಿಯಲ್ಲಿ ಆರಂಭಿಸಿದರೆ ಜನ ಕಿವಿ ನಿಮಿರಿಸಿ ಕೂರುತ್ತಾರೆ, ಕೂತು ಜೇಡಪ್ಪನ ಸಾಲಿಗೇ ಅದನ್ನೂ ಸೇರಿಸುತ್ತಾರೆ! ಈ ಧಾಟಿ ಬಿಟ್ಟು ಕುಲದ ಚರಿತ್ರೆ ಹೇಳುವ ಗಂಭೀರ ದನಿಯಲ್ಲಿ ಹೇಳಿದರೆ ನಂಬಿಕೆ ಬರುತ್ತದೆ, ರಸ ಹೋಗುತ್ತದೆ. ಅನುಭವಿ ತಂಡಗಳು ಈ ಆಯ್ಕೆಯನ್ನು ಊರಿನ ಕತೆಗಾರರಿಗೇ ಬಿಡುತ್ತವೆ. ಅವಸರದವು ಯಾವುದನ್ನೂ ಕೇಳದೆ ಇಂಗ್ಲಿಷ್ ಬರಹವನ್ನೇ ಒಪ್ಪಿಸಿಬಿಡುತ್ತವೆ. ವ್ಯತ್ಯಾಸ ಕೇಳಿದರೆ ತಿಳಿಯುತ್ತದೆ, ಭಾಷೆ ಬಾರದಿದ್ದರೂ.

ನಮ್ಮಲ್ಲಿ ದಡದಡ, ಗುಡುಗುಡು, ಸರಸರ ಎಂದಂತೆ ಆಫ್ರಿಕಾದ ಭಾಷೆಗಳಲ್ಲಿ ಅನುಕರಣ ಶಬ್ದಗಳ ದೊಡ್ಡ ಸಂಪತ್ತಿದೆ. ಎವೆ ಭಾಷೆಯ ವ್ಯಾಕರಣ ಬರೆದ ಡೀಡ್ರಿಶ್ ವೆಸ್ಟರ್‌ಮಾನ್ (ಆತನೂ ಮಿಷನರಿಯಾಗಿಯೇ ಟೋಗೊಗೆ ಹೋದವನು) ‘ನಡೆ’ ಎಂಬ ಒಂದೇ ಕ್ರಿಯೆಯ ಜೊತೆ ಬರುವ ಇಂಥ ಶಬ್ದಗಳನ್ನು ಹತ್ತಾರು ಸಂಖ್ಯೆಯಲ್ಲಿ ಪಟ್ಟಿಮಾಡಿದ: ದಪ್ಪಗಿರುವವನ ನಡಿಗೆಗೊಂದು, ಕುಳ್ಳನದಕ್ಕೊಂದು, ಚುರುಕಿನವನದಕ್ಕೊಂದು. ಅಚ್ಚಿನ ಬೈಬಲಿನಲ್ಲಿ ಇವು ಅಪರೂಪ. ಶಿಷ್ಟ ಬರಹಕ್ಕೆ ಇವು ಹೊಂದವೆಂದು ಅನುವಾದಕರು ಬಿಟ್ಟುಬಿಡುತ್ತಾರೆ. ಬಾಯಿಂದ ಹೇಳುವವನು ಬಿಡಲಾರ. ದುಂದುಗಾರ ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಹೋಗಿ ತಬ್ಬಿಕೊಂಡ ಎಂದು ಲೂಕ ಹೇಳುತ್ತಾನೆ. ಮರ್ಯಾದಸ್ಥ ಮುದುಕ ಹೇಗೆ ಓಡಿದ? ಏದುಸಿರು ಬಿಡುತ್ತಲೋ, ಬಟ್ಟೆ ಜಾರುವಂತೆಯೋ? ಬರಹ ಸುಮ್ಮನಿರಬಹುದು. ಮೈಕಿನ ಮುಂದೆ ಕೂತ ಕತೆಗಾರ ಒಂದು ಶಬ್ದ ಆರಿಸಲೇಬೇಕು, ಆರಿಸಿದ ಕೂಡಲೇ ಅಪ್ಪ ಅವನ ಊರಿನವನಾಗುತ್ತಾನೆ.

ಗ್ಯಾಂಬಿಯಾದಲ್ಲಿ ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕ್ರೈಸ್ತರಾಗಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಲಾಮಿನ್ ಸಾನೆ 1989ರಲ್ಲಿ ಒಂದು ವಾದ ಮುಂದಿಟ್ಟರು. ಮಿಷನರಿಗಳು ವಸಾಹತುಶಾಹಿಯ ಬೆನ್ನಿಗೆ ಬಂದದ್ದು ನಿಜ. ಆದರೆ ಅನುವಾದಕ್ಕೆ ಇಳಿದ ಕ್ಷಣವೇ ಅವರು ಸ್ಥಳೀಯರ ಕೈಗೆ ಬಿದ್ದರು, ಸ್ಥಳೀಯರು ದೇವರಿಗೆ ಇಟ್ಟುಕೊಂಡಿದ್ದ ಹೆಸರನ್ನೇ ಎರವಲು ಪಡೆಯಬೇಕಾಯಿತು, ಹಾಗಾಗಿ ಸಣ್ಣ ಭಾಷೆಗಳಿಗೆ ಬಲ ಬಂತು ಎಂಬುದು ಅದರ ಸಾರ. ಈ ವಾದದಲ್ಲಿ ಹುರುಳಿದೆ. ನನ್ನ ತಕರಾರು ಒಂದೇ. ಕತೆಯನ್ನು ಹೊತ್ತು ಬಂದವರು ಕೊಟ್ಟುಹೋದದ್ದು ತಮ್ಮ ಕತೆಯನ್ನು; ಕೇಳಿ ಪಡೆದದ್ದು ಬಹಳ ಕಡಿಮೆ. ನಲವತ್ತು ಚಿತ್ರಗಳ ಜೊತೆ ಸೃಷ್ಟಿಯಿಂದ ಯೇಸುವಿನವರೆಗೆ ಹೇಳುವ ಒಂದು ಸಿದ್ಧ ಪಾಠ ಎಷ್ಟೋ ಭಾಷೆಗಳಿಗೆ ಹೋಯಿತು. ಅದೇ ಊರಿನ ಸೃಷ್ಟಿಯ ಕತೆಯನ್ನು, ಅದೇ ಮೈಕು ಅಲ್ಲೇ ಇದ್ದಾಗ, ರೆಕಾರ್ಡು ಮಾಡಿಕೊಂಡವರು ಎಷ್ಟು ಮಂದಿ? ಮೈಕಿನ ಮುಂದೆ ಕೂತ ಹಿರಿಯ ಅದನ್ನೂ ಹೇಳಬಲ್ಲವನಾಗಿದ್ದ.

ಯಂತ್ರಕ್ಕೆ ಬೈಬಲ್ ಪಾಠ

ಇದೆಲ್ಲ ಧರ್ಮದವರ, ಭಾಷಾಶಾಸ್ತ್ರದವರ ಒಳಮಾತಾಗಿಯೇ ಉಳಿಯುತ್ತಿತ್ತು. ಆದರೆ 2023ರ ಮೇ ತಿಂಗಳಲ್ಲಿ ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪನಿ 1,100ಕ್ಕೂ ಹೆಚ್ಚು ಭಾಷೆಗಳ ಮಾತನ್ನು ಬರಹಕ್ಕಿಳಿಸಬಲ್ಲ, 4,000ಕ್ಕೂ ಹೆಚ್ಚು ಭಾಷೆಗಳನ್ನು ಕೇಳಿ ಗುರುತಿಸಬಲ್ಲ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಹೊರಬಿಟ್ಟಿತು. ಅದಕ್ಕೆ ಮುಂಚೆ ಇಂಥವು ಹೆಚ್ಚೆಂದರೆ ನೂರರ ಆಸುಪಾಸಿನ ಭಾಷೆಗಳಿಗೆ ಸೀಮಿತವಾಗಿದ್ದವು. ಒಮ್ಮೆಲೇ ಹತ್ತು ಪಟ್ಟು ಹೆಚ್ಚಿದ್ದು ಹೇಗೆ? ಹೊಸ ಒಡಂಬಡಿಕೆಯ ಧ್ವನಿಮುದ್ರಣಗಳಿಂದ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ‘ಫೇಯ್ತ್ ಕಮ್ಸ್ ಬೈ ಹಿಯರಿಂಗ್’ ಎಂಬ ಸಂಸ್ಥೆ 1970ರ ದಶಕದಿಂದ ಈ ಕೆಲಸದಲ್ಲಿದೆ. ಊರಿನವರಿಗೇ ಪಾತ್ರ ಹಂಚಿ, ನಾಟಕದಂತೆ ಓದಿಸಿ, ಹಿನ್ನೆಲೆ ಸದ್ದು ಸೇರಿಸಿ ಮುದ್ರಿಸುವುದು ಅವರ ಪದ್ಧತಿ. ಅಂಥ ಮುದ್ರಣಗಳಿಂದ ಒಂದೊಂದು ಭಾಷೆಗೆ ಸರಾಸರಿ 32 ಗಂಟೆಗಳ ಮಾತು, ಜೊತೆಗೆ ಅದರ ಬರಹ, ಮೆಟಾದ ಸಂಶೋಧಕರಿಗೆ ದೊರೆಯಿತು. ಬರಹವಿಲ್ಲದ ಬರೀ ದನಿಗಾಗಿ ಅವರು ಮೊರೆಹೋದದ್ದು ಗ್ಲೋಬಲ್ ರೆಕಾರ್ಡಿಂಗ್ಸ್ ಭಂಡಾರಕ್ಕೆ. 3,800 ಭಾಷೆಗಳ ಮಾತು ಅಲ್ಲಿಂದ ಬಂತು. ಹೊಂಡುರಾಸಿನ ಹೆಂಡದಂಗಡಿಯಲ್ಲಿ ಮೊಳೆತ ಯೋಚನೆ ಕೃತಕ ಬುದ್ಧಿಮತ್ತೆಯ ಪಾಠಶಾಲೆಗೆ ಬಂದು ಮುಟ್ಟಿದ ಬಗೆ ಇದು.

ಆದರೆ ಆ ಯಂತ್ರ ಕಲಿತ ಭಾಷೆ ಯಾವುದು? ಪ್ರವಚನದ ದನಿ, ಬಹುಪಾಲು ಗಂಡಸರ ದನಿ. ಆ ಭಾಷೆಯಲ್ಲಿ ಫರಿಸಾಯರಿದ್ದಾರೆ, ಸಂತೆಯಲ್ಲಿ ಚೌಕಾಸಿ ಮಾಡುವ ಹೆಂಗಸಿಲ್ಲ. ಕುಷ್ಠರೋಗ ವಾಸಿಯಾಗುತ್ತದೆ, ಮಗುವಿಗೆ ಜ್ವರ ಬಂದಾಗ ನರ್ಸಿಗೆ ಹೇಳುವ ಮಾತಿಲ್ಲ. ಬೈಗುಳವಿಲ್ಲ, ಲಾಲಿಯಿಲ್ಲ, ತಮಾಷೆಯಂತೂ ಇಲ್ಲವೇ ಇಲ್ಲ. ಮೇಲಾಗಿ ಮೈಕಿನ ಮುಂದೆ ಕೂತವರು ತಮ್ಮ ದನಿಯನ್ನು ಕೊಟ್ಟದ್ದು ಸುವಾರ್ತೆಗೆ; ಯಂತ್ರಕ್ಕೆ ಮಾತು ಕಲಿಸುತ್ತಿದ್ದೇವೆ ಎಂದು ಅವರಿಗೆ ಕನಸಿನಲ್ಲೂ ತಿಳಿದಿರಲಾರದು.

ಹಕ್ಕಿನ ಪ್ರಶ್ನೆ ಎಷ್ಟು ಮುಳ್ಳಿನದು ಎಂಬುದಕ್ಕೆ ಮುದ್ರಿತ ಬರಹದ ಕಡೆಯಿಂದ ಒಂದು ನಿದರ್ಶನವಿದೆ. ಆಫ್ರಿಕಾದ ಯುವ ಸಂಶೋಧಕರು ಸೇರಿ ಕಟ್ಟಿಕೊಂಡ ‘ಮಸಖಾನೆ’ ಎಂಬ ಬಳಗ ತಮ್ಮ ಭಾಷೆಗಳಿಗೆ ಅನುವಾದ ಯಂತ್ರಗಳನ್ನು ರೂಪಿಸತೊಡಗಿದಾಗ ಕೈಗೆ ಸಿಕ್ಕ ದೊಡ್ಡ ಸಾಮಗ್ರಿ ಯೆಹೋವನ ಸಾಕ್ಷಿಗಳ ಪತ್ರಿಕೆಗಳಿಂದ ಕೂಡಿಸಿದ, 300 ಭಾಷೆಗಳ ‘ಜೆಡಬ್ಲ್ಯು300’. ಹಲವು ಪ್ರಯೋಗಗಳು ಅದರ ಮೇಲೆ ನಿಂತವು. ಆಮೇಲೆ ಹಕ್ಕುಸ್ವಾಮ್ಯದ ಪ್ರಶ್ನೆ ಎದ್ದಿತು, ಪ್ರಕಾಶಕರ ಅನುಮತಿ ಸಿಗಲಿಲ್ಲ, ಸಾಮಗ್ರಿಯನ್ನು ಹಿಂತೆಗೆಯಬೇಕಾಯಿತು. ಭಾಷೆ ಇವರದು, ಅದರಲ್ಲಿ ಅಚ್ಚಾದ ವಾಕ್ಯ ಅಮೆರಿಕದ ಸಂಸ್ಥೆಯದು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪು ಹುಡುಕಲಾಗದು. ಆದರೂ ಸಣ್ಣ ಭಾಷೆಯವರು ಎಲ್ಲಿ ನಿಂತಿದ್ದಾರೆ ಎಂಬುದು ಇದರಿಂದ ಚೆನ್ನಾಗಿ ಕಾಣುತ್ತದೆ.

ಬೇರೆ ದಾರಿ ಇಲ್ಲದಿಲ್ಲ. ರುವಾಂಡಾದ ಕಿಗಾಲಿಯಲ್ಲಿ ‘ಡಿಜಿಟಲ್ ಉಮುಗಾಂಡಾ’ ಎಂಬ ಸಂಸ್ಥೆ ಸಾಮಾನ್ಯ ಜನರಿಂದಲೇ ಕಿನ್ಯಾರುವಾಂಡಾ ವಾಕ್ಯಗಳನ್ನು ಓದಿಸಿ ಮೊಜಿಲ್ಲಾದ ‘ಕಾಮನ್ ವಾಯ್ಸ್’ ಯೋಜನೆಗೆ 2,000 ಗಂಟೆಗೂ ಹೆಚ್ಚಿನ ದನಿ ಸೇರಿಸಿತು. ಯಾರು ಬೇಕಾದರೂ ಬಳಸಬಹುದು. ಅಳಿವಿನಂಚಿನ ಭಾಷೆಗಳ ದಾಖಲೆಗೆಂದು 2002ರಲ್ಲಿ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಯೋಜನೆ ಆಫ್ರಿಕಾದ ಎಷ್ಟೋ ಭಾಷೆಗಳ ಹಾಡು, ಹರಟೆ, ಜಗಳ, ಬೇಟೆಯ ಮಾತುಗಳನ್ನು ಉಳಿಸಿಟ್ಟಿದೆ. ಆದರೆ ಕಿನ್ಯಾರುವಾಂಡಾ ಇಡೀ ದೇಶದ ಭಾಷೆ, ಅಳಿವಿನಂಚಿನ ಭಾಷೆಗಳ ಯೋಜನೆಗೆ ಹಣ ಮಿತವಾದದ್ದು, ಸಂಶೋಧಕ ಬರುವುದು ಎರಡು-ಮೂರು ವರ್ಷದ ಮಟ್ಟಿಗೆ. ಸುವಾರ್ತೆಯವರು ಎಂಟು ದಶಕದಿಂದ ಬರುತ್ತಲೇ ಇದ್ದಾರೆ.

ಹಾಗಾಗಿ ಆಫ್ರಿಕಾದ ಸರ್ಕಾರಗಳಿಗೂ ವಿಶ್ವವಿದ್ಯಾಲಯಗಳಿಗೂ ಹೇಳಬೇಕಾದದ್ದು ಸರಳವಾಗಿದೆ. ನಮ್ಮ ಕೊರಗ, ಜೇನುಕುರುಬ ಭಾಷೆಗಳನ್ನು ನೆನೆದರೆ ಆ ಮಾತು ನಮಗೂ ಸಲ್ಲುತ್ತದೆ. ಬೈಬಲ್ ಕತೆಯ ರೆಕಾರ್ಡಿಂಗುಗಳನ್ನು ಮತದ ಸರಕೆಂದು ದೂರವಿಡಬೇಡಿ. ಅವುಗಳ ಪ್ರತಿ ತರಿಸಿಕೊಳ್ಳಿ. ದನಿ ಕೊಟ್ಟವರ ಊರು, ಹೆಸರು ಸಿಗುವಲ್ಲಿ ಬರೆದಿಡಿ, ಅವರ ಮಕ್ಕಳು ಮೊಮ್ಮಕ್ಕಳಿಗೆ ಕೇಳಿಸಿ. ಹೇಳಬಲ್ಲವರು ಇನ್ನೂ ಇರುವಾಗಲೇ ಮೈಕು ಹಿಡಿದುಕೊಂಡು ಹೋಗಿ ಅವರ ಉಳಿದ ಕತೆಗಳನ್ನೂ ಕೇಳಿ.